ಸಹಿ ಹಾಕಿದವರು, ಹಾಕದವರು: ನಾಗಾ ಪ್ರತ್ಯೇಕತಾ ಹೋರಾಟ ಮತ್ತು ಅದರ ಒಪ್ಪಂದಗಳು

1997ರ ಫೆಬ್ರುವರಿಯಲ್ಲಿ, ಆಗ ಪ್ರಧಾನಿಯಾಗಿದ್ದ ಎಚ್.ಡಿ. ದೇವೇಗೌಡರು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಇಬ್ಬರು ನಾಗಾ ನಾಯಕರನ್ನು ಭೇಟಿಯಾದರು. ಒಬ್ಬರು ಐಸಾಕ್ ಚಿಶಿ ಸ್ವೂ, ಇನ್ನೊಬ್ಬರು ತುಯಿಂಗಲೆಂಗ್ ಮುಯಿವಾ. ಅವರ ಸಂಘಟನೆಯಾದ ಎನ್ಎಸ್‌ಸಿಎನ್, ಅಂದರೆ ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್, ಆಗ ಭಾರತದಲ್ಲಿ ನಿಷೇಧಕ್ಕೊಳಗಾಗಿತ್ತು. ಅದಕ್ಕೆ ಎರಡು ವರ್ಷ ಮೊದಲು ಪಿ.ವಿ. ನರಸಿಂಹರಾಯರು ಇದೇ ಇಬ್ಬರನ್ನು ಪ್ಯಾರಿಸ್‌ನಲ್ಲಿ ಕಂಡಿದ್ದರು. ಮುಂದಿನ ವರ್ಷ ವಾಜಪೇಯಿಯವರೂ ಕಂಡರು. ದೇವೇಗೌಡರು ನಮ್ಮವರೆಂಬ ಅಭಿಮಾನದಿಂದ ಈ ಪ್ರಸಂಗವನ್ನು ಎತ್ತಿಕೊಂಡಿಲ್ಲ. ಮೂರು ಬೇರೆ ಬೇರೆ ಪಕ್ಷಗಳ ಪ್ರಧಾನಿಗಳು ತಮ್ಮದೇ ದೇಶದ ಬಂಡುಕೋರರನ್ನು ಪರದೇಶದ ನೆಲದಲ್ಲಿ ಭೇಟಿ ಮಾಡಬೇಕಾಗಿ ಬಂದದ್ದು ಏಕೆ ಎಂಬ ಪ್ರಶ್ನೆಯಿಂದ ಹೊರಡುವುದು ನನಗೆ ಅನುಕೂಲ. ಪೂರ್ವಷರತ್ತುಗಳಿಲ್ಲದೆ, ಪ್ರಧಾನಿಯ ಮಟ್ಟದಲ್ಲಿ, ಮೂರನೆಯ ದೇಶವೊಂದರಲ್ಲಿ ಮಾತುಕತೆ ನಡೆಯಬೇಕು ಎಂಬುದು ಎನ್ಎಸ್‌ಸಿಎನ್ ಪಟ್ಟಾಗಿತ್ತು. ಅದರ ಹಿಂದಿದ್ದ ತರ್ಕ ಇಷ್ಟೇ: ನಾವು ಭಾರತದಿಂದ ಬೇರೆಯಾಗಲು ಹೊರಟವರಲ್ಲ, ಭಾರತಕ್ಕೆ ಸೇರಿಯೇ ಇರಲಿಲ್ಲ, ಆದ್ದರಿಂದ ಇದು ಎರಡು ಸಮಾನ ಪಕ್ಷಗಳ ನಡುವಿನ ಮಾತು. ಈ ವಾದವನ್ನು ನೀವು ಒಪ್ಪಬೇಕಾಗಿಲ್ಲ. ಆದರೆ ಅದನ್ನು ಅರ್ಥ ಮಾಡಿಕೊಳ್ಳದೆ ನಾಗಾ ಬೆಟ್ಟಗಳಲ್ಲಿ ಏಳು ದಶಕ ನಡೆದದ್ದರಲ್ಲಿ ಏನೂ ಅರ್ಥವಾಗುವುದಿಲ್ಲ.

ನಾಗಾ ಎಂಬುದು ಒಂದೇ ಭಾಷೆಯ, ಒಂದೇ ಬುಡಕಟ್ಟಿನ ಹೆಸರಲ್ಲ. ಅಂಗಾಮಿ, ಆವೋ, ಸುಮಿ, ಲೋಥಾ, ಕೊನ್ಯಾಕ್, ತಾಂಗ್‌ಖುಲ್, ಮಾವೋ, ಜೆಲಿಯಾಂಗ್, ರೆಂಗ್ಮಾ ಹೀಗೆ ಹತ್ತಾರು ಬುಡಕಟ್ಟುಗಳು ಇಂದಿನ ನಾಗಾಲ್ಯಾಂಡಿನಲ್ಲಿ, ಮಣಿಪುರದ ಗುಡ್ಡಗಳಲ್ಲಿ, ಅಸ್ಸಾಂ ಮತ್ತು ಅರುಣಾಚಲದ ಅಂಚುಗಳಲ್ಲಿ, ಗಡಿಯಾಚೆ ಮ್ಯಾನ್ಮಾರಿನಲ್ಲಿ ಹರಡಿಕೊಂಡಿವೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ನಾಗಾಲ್ಯಾಂಡಿನ ಪೇಟೆಯಲ್ಲಿ ವ್ಯವಹಾರ ನಡೆಯುವುದು ಅಸ್ಸಾಮಿ ಮೂಲದ ನಾಗಾಮೀಸ್‌ನಲ್ಲಿ. ಬ್ರಿಟಿಷರು ಬರುವ ಮೊದಲು ಇವರನ್ನೆಲ್ಲ ಆಳುವ ಒಬ್ಬ ಅರಸ ಇರಲಿಲ್ಲ. ಪ್ರತಿ ಹಳ್ಳಿಯೂ ತನ್ನ ಗಡಿಯನ್ನು ತಾನೇ ಕಾಯ್ದುಕೊಳ್ಳುವ, ತನ್ನ ನ್ಯಾಯವನ್ನು ತಾನೇ ಮಾಡಿಕೊಳ್ಳುವ ಒಂದು ಘಟಕವಾಗಿತ್ತು. ಹಾಗಿದ್ದ ಮೇಲೆ ಇವರೆಲ್ಲ ಒಂದೇ ರಾಷ್ಟ್ರ ಎಂಬ ಭಾವನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ಭಾವನೆ ರೂಪುಗೊಂಡದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ, ಮಿಷನರಿ ಶಾಲೆ, ಚರ್ಚು ಮತ್ತು ಯುದ್ಧಗಳ ಮೂಲಕ. ಮೊದಲ ಮಹಾಯುದ್ಧದ ಕಾಲದಲ್ಲಿ ಸುಮಾರು 2,000 ನಾಗಾ ಕೂಲಿಗಳನ್ನು ಫ್ರಾನ್ಸಿಗೆ ಕಳುಹಿಸಲಾಗಿತ್ತು. ತಮ್ಮ ಊರಿನಲ್ಲಿ ಪರಸ್ಪರ ಶತ್ರುಗಳಾಗಿದ್ದ ಹಳ್ಳಿಗಳವರು ಅಲ್ಲಿ ಒಂದೇ ಹೆಸರಿನಡಿ ದುಡಿದರು. ಅವರಲ್ಲಿ ಕೆಲವರು ಮರಳಿ ಬಂದ ಮೇಲೆ 1918ರಲ್ಲಿ ಕೊಹಿಮಾದಲ್ಲಿ ನಾಗಾ ಕ್ಲಬ್ ಹುಟ್ಟಿಕೊಂಡಿತು. ಇದೇ ಕ್ಲಬ್ಬಿನವರು 1929ರ ಜನವರಿಯಲ್ಲಿ ಸೈಮನ್ ಆಯೋಗಕ್ಕೆ ಮನವಿ ಕೊಟ್ಟು, ಬ್ರಿಟಿಷರು ಹೋಗುವುದಾದರೆ ನಮ್ಮನ್ನು ಹಿಂದಿನಂತೆ ನಮ್ಮ ಪಾಡಿಗೆ ಬಿಟ್ಟು ಹೋಗಲಿ ಎಂದು ಕೇಳಿಕೊಂಡರು. ಬ್ರಿಟಿಷ್ ಆಡಳಿತವೂ ಈ ಬೇರೆತನಕ್ಕೆ ತನ್ನದೇ ಕಾರಣಗಳಿಂದ ನೀರೆರೆಯಿತು. 1873ರ ಇನ್ನರ್ ಲೈನ್ ನಿಯಮ ಬಯಲಿನವರು ಅನುಮತಿಯಿಲ್ಲದೆ ಗುಡ್ಡ ಹತ್ತದಂತೆ ಮಾಡಿದರೆ, 1935ರ ಕಾಯ್ದೆ ನಾಗಾ ಹಿಲ್ಸ್ ಜಿಲ್ಲೆಯನ್ನು ಪ್ರಾಂತೀಯ ಶಾಸಕಾಂಗದ ವ್ಯಾಪ್ತಿಯಿಂದ ಹೊರಗಿಟ್ಟಿತು. ಸ್ವಾತಂತ್ರ್ಯ ಚಳವಳಿಯ ಗಾಳಿ ನಮ್ಮ ಶಿವಪುರ, ವಿದುರಾಶ್ವತ್ಥಗಳಿಗೆ ಬೀಸಿದಂತೆ ಆ ಗುಡ್ಡಗಳಿಗೆ ಬೀಸಲಿಲ್ಲ ಎಂಬುದನ್ನು ನಾವು ನೆನಪಿಡಬೇಕು. ಜಾದೋನಾಂಗ್ ಮತ್ತು ರಾಣಿ ಗೈಡಿನ್ಲಿಯು ಬ್ರಿಟಿಷರ ವಿರುದ್ಧ ಎದ್ದರು, ನಿಜ. ಆದರೆ ಅದು ಜೆಲಿಯಾಂಗ್‌ರಾಂಗ್ ಜನರ ಬಂಡಾಯವಾಗಿತ್ತು, ಮತ್ತು ಅದರ ಧಾರ್ಮಿಕ ದಾರಿಯೇ ಬೇರೆಯಾಗಿತ್ತು.

ಈಗ ಮೊದಲ ಒಪ್ಪಂದಕ್ಕೆ ಬರುತ್ತೇನೆ. 1946ರಲ್ಲಿ ನಾಗಾ ನ್ಯಾಷನಲ್ ಕೌನ್ಸಿಲ್, ಎನ್ಎನ್‌ಸಿ, ರೂಪುಗೊಂಡಿತು. 1947ರ ಜೂನ್ ಕೊನೆಯಲ್ಲಿ ಅಸ್ಸಾಮಿನ ರಾಜ್ಯಪಾಲ ಸರ್ ಅಕ್ಬರ್ ಹೈದರಿ ಕೊಹಿಮಾಕ್ಕೆ ಬಂದು ಎನ್ಎನ್‌ಸಿಯೊಡನೆ ಒಂಬತ್ತು ಅಂಶಗಳ ಒಪ್ಪಂದ ಮಾಡಿಕೊಂಡರು. ಎಂಟು ಅಂಶಗಳು ನ್ಯಾಯ, ಭೂಮಿ, ತೆರಿಗೆ, ಆಡಳಿತಗಳ ಕುರಿತವು. ಅವುಗಳ ಬಗ್ಗೆ ಹೆಚ್ಚು ಜಗಳವಿರಲಿಲ್ಲ. ಒಂಬತ್ತನೆಯ ಅಂಶದ ಪ್ರಕಾರ, ಒಪ್ಪಂದ ಸರಿಯಾಗಿ ಪಾಲನೆಯಾಗುವುದಕ್ಕೆ ಭಾರತ ಸರ್ಕಾರದ ಪ್ರತಿನಿಧಿಯಾಗಿ ರಾಜ್ಯಪಾಲರು ಹತ್ತು ವರ್ಷ ಹೊಣೆಯಾಗಿರುತ್ತಾರೆ. ಆ ಅವಧಿ ಮುಗಿದ ಮೇಲೆ ಇದನ್ನು ಮುಂದುವರಿಸಬೇಕೇ, ನಾಗಾ ಜನರ ಭವಿಷ್ಯದ ಬಗ್ಗೆ ಹೊಸ ಒಪ್ಪಂದ ಮಾಡಿಕೊಳ್ಳಬೇಕೇ ಎಂದು ಎನ್ಎನ್‌ಸಿಯನ್ನು ಕೇಳಲಾಗುತ್ತದೆ. ಹತ್ತು ವರ್ಷಗಳಾದ ಮೇಲೆ ಹೊರಗೆ ಹೋಗುವ ಹಕ್ಕು ಇದರಲ್ಲಿದೆ ಎಂದು ನಾಗಾ ನಾಯಕರು ಓದಿದರು. ಭಾರತದೊಳಗಿನ ಆಡಳಿತ ವ್ಯವಸ್ಥೆಯನ್ನು ಮರುಪರಿಶೀಲಿಸಲು ಮಾತ್ರ ಅವಕಾಶವಿದೆ ಎಂದು ದೆಹಲಿ ಓದಿತು. ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿಕೊಳ್ಳಲು ಎಡೆಯಿದ್ದುದರಿಂದಲೇ ಅಂದು ಒಪ್ಪಂದ ಸಾಧ್ಯವಾಯಿತು, ಮತ್ತು ಅದೇ ಕಾರಣದಿಂದ ಅದು ಮುರಿಯಿತು. ಈ ಮಾದರಿ ಮುಂದೆಯೂ ಕಾಣಿಸುತ್ತದೆ.

ಖೊನೋಮಾ ಹಳ್ಳಿಯ ಅಂಗಾಮಿ ಜಾಪು ಫಿಜೋ ಈ ಒಪ್ಪಂದವನ್ನು ಒಪ್ಪದ ಬಣದ ನಾಯಕರು. ಜುಲೈನಲ್ಲಿ ಅವರ ನಿಯೋಗ ದೆಹಲಿಯ ಭಂಗಿ ಕಾಲೊನಿಯಲ್ಲಿ ಗಾಂಧೀಜಿಯವರನ್ನು ಕಂಡಿತು. ನಾಗಾಗಳನ್ನು ಬಲವಂತದಿಂದ ಸೇರಿಸಿಕೊಳ್ಳಲು ತಾವು ಬಿಡುವುದಿಲ್ಲವೆಂದು ಗಾಂಧೀಜಿ ಹೇಳಿದರೆಂದು ಆ ನಿಯೋಗದವರು ದಾಖಲಿಸಿದ್ದಾರೆ. ಇಂದಿಗೂ ನಾಗಾ ಸಭೆಗಳಲ್ಲಿ ಆ ಮಾತನ್ನು ನೆನೆಯುತ್ತಾರೆ. 1947ರ ಆಗಸ್ಟ್ 14ರಂದು, ಭಾರತಕ್ಕಿಂತ ಒಂದು ದಿನ ಮೊದಲು, ನಾಗಾ ಸ್ವಾತಂತ್ರ್ಯವನ್ನು ಘೋಷಿಸಲಾಯಿತು. 1951ರ ಮೇ 16ರಿಂದ ಎನ್ಎನ್‌ಸಿ ತಾನೇ ಜನಮತಗಣನೆ ನಡೆಸಿ, ಹಳ್ಳಿ ಹಳ್ಳಿಗಳಲ್ಲಿ ಹೆಬ್ಬೆರಳಿನ ಗುರುತು ಪಡೆದು, ಶೇ. 99.9ರಷ್ಟು ಜನ ಸ್ವಾತಂತ್ರ್ಯದ ಪರ ಇದ್ದಾರೆಂದು ಸಾರಿತು. ಈ ಅಂಕಿಯನ್ನು ಅಕ್ಷರಶಃ ನಂಬುವುದು ಕಷ್ಟ. ಎಣಿಸಿದವರು ಒಂದು ಪಕ್ಷದವರು, ಮತ ಕೇಳಿದ್ದು ಅಂದಿನ ನಾಗಾ ಹಿಲ್ಸ್ ಜಿಲ್ಲೆಯಲ್ಲಿ ಮಾತ್ರ. ಮಣಿಪುರದ ನಾಗಾಗಳನ್ನು ಯಾರೂ ಕೇಳಲಿಲ್ಲ. ಆದರೆ ಮರುವರ್ಷದ ಮಹಾಚುನಾವಣೆಯನ್ನು ಆ ಜಿಲ್ಲೆ ಬಹಿಷ್ಕರಿಸಿದ್ದನ್ನು ನೋಡಿದರೆ ಭಾವನೆ ಎಷ್ಟು ಆಳವಾಗಿತ್ತೆಂದು ತಿಳಿಯುತ್ತದೆ. 1953ರ ಮಾರ್ಚ್‌ನಲ್ಲಿ ನೆಹರೂ ಬರ್ಮಾದ ಪ್ರಧಾನಿ ಊ ನು ಅವರನ್ನು ಜೊತೆಗೆ ಕರೆದುಕೊಂಡು ಕೊಹಿಮಾಕ್ಕೆ ಬಂದಾಗ, ಮನವಿ ಸಲ್ಲಿಸಲು ಜಿಲ್ಲಾಧಿಕಾರಿ ಅವಕಾಶ ಕೊಡಲಿಲ್ಲವೆಂದು ಸೇರಿದ್ದ ಜನರೆಲ್ಲ ಸಭೆಯಿಂದ ಎದ್ದು ಹೊರಟುಹೋದರು. ಆ ಅವಮಾನದ ನಂತರ ಬಂಧನ, ಶೋಧಗಳು ಶುರುವಾದವು, ಎನ್ಎನ್‌ಸಿಯ ನಾಯಕರು ಕಾಡು ಸೇರಿದರು.

1956ರ ಮಾರ್ಚ್ 22ರಂದು ನಾಗಾ ಫೆಡರಲ್ ಸರ್ಕಾರದ ಘೋಷಣೆಯಾಯಿತು. ಅದಕ್ಕೆ ಎರಡು ತಿಂಗಳು ಮೊದಲು, ಹಿಂಸೆಯ ದಾರಿಯನ್ನು ವಿರೋಧಿಸಿದ್ದ ಎನ್ಎನ್‌ಸಿಯ ಮಾಜಿ ಕಾರ್ಯದರ್ಶಿ ಟಿ. ಸಾಖ್ರಿಯವರ ಕೊಲೆಯಾಗಿತ್ತು. ಈ ಹೋರಾಟ ಮೊದಲು ಬಲಿ ತೆಗೆದುಕೊಂಡ ದೊಡ್ಡ ನಾಯಕ ಒಬ್ಬ ನಾಗಾ, ಅದೂ ಫಿಜೋ ಅವರದೇ ಹಳ್ಳಿಯವರು. ಸೇನೆ ಬಂತು. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗುವ ಮೊದಲು ಪೂರ್ವ ಕಮಾಂಡಿನ ಹೊಣೆ ಹೊತ್ತದ್ದು ಈ ಕಾಲದಲ್ಲಿಯೇ. ಹಳ್ಳಿಗಳನ್ನು ಖಾಲಿ ಮಾಡಿಸಿ, ಜನರನ್ನು ಬೇಲಿ ಹಾಕಿದ ಶಿಬಿರಗಳಿಗೆ ಸೇರಿಸುವ ‘ಗ್ರೂಪಿಂಗ್’ ಪದ್ಧತಿ ಜಾರಿಗೆ ಬಂತು. ಬಂಡುಕೋರರಿಗೆ ಅಕ್ಕಿ, ಆಶ್ರಯ ಸಿಗದಂತೆ ಮಾಡುವ ಈ ಉಪಾಯವನ್ನು ಬ್ರಿಟಿಷರು ಮಲಯದಲ್ಲಿ ಬಳಸಿದ್ದರು. ಮನೆಗಳೊಂದಿಗೆ ಭತ್ತದ ಕಣಜಗಳೂ ಸುಟ್ಟುಹೋದವು. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ನಾವು ಆಫ್‌ಸ್ಪಾ ಎಂದು ಕರೆಯುವುದು, ಸಂಸತ್ತಿನಲ್ಲಿ ಅಂಗೀಕಾರವಾದದ್ದು ನಾಗಾ ಬಂಡಾಯದ ಕಾರಣಕ್ಕಾಗಿಯೇ. ಮಣಿಪುರದ ಸಂಸದ ಲೈಶ್ರಾಮ್ ಅಚೌ ಸಿಂಗ್ ಅಂದೇ ಅದನ್ನು ಕಟುವಾಗಿ ವಿರೋಧಿಸಿದ್ದರು. ಆ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಎಪ್ಪತ್ತು ಸಮೀಪಿಸುತ್ತಿದೆ, ಕಾಯ್ದೆ ಇನ್ನೂ ನಾಗಾಲ್ಯಾಂಡಿನ ಹಲವು ಭಾಗಗಳಲ್ಲಿ ಚಾಲ್ತಿಯಲ್ಲಿದೆ.

ಎರಡನೆಯ ಒಪ್ಪಂದ 1960ರದು. ಯುದ್ಧದಿಂದ ಬಸವಳಿದ, ಶಿಕ್ಷಿತ, ಮಧ್ಯಮಮಾರ್ಗದ ನಾಯಕರು ನಾಗಾ ಪೀಪಲ್ಸ್ ಕನ್ವೆನ್ಷನ್ ಎಂಬ ವೇದಿಕೆ ಕಟ್ಟಿಕೊಂಡು ನೆಹರೂ ಅವರೊಡನೆ ಹದಿನಾರು ಅಂಶಗಳ ಒಪ್ಪಂದಕ್ಕೆ ಬಂದರು. ಅದರ ಫಲವಾಗಿ 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ಭಾರತದ 16ನೆಯ ರಾಜ್ಯವಾಯಿತು. 1961ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷವೂ ಇರಲಿಲ್ಲ. ಸಂವಿಧಾನಕ್ಕೆ 371ಎ ವಿಧಿ ಸೇರಿತು. ನಾಗಾಗಳ ಧಾರ್ಮಿಕ ಮತ್ತು ಸಾಮಾಜಿಕ ಪದ್ಧತಿ, ರೂಢಿಯ ಕಾನೂನು, ಭೂಮಿ ಮತ್ತು ಅದರ ಸಂಪನ್ಮೂಲಗಳ ಒಡೆತನಕ್ಕೆ ಸಂಬಂಧಿಸಿ ಸಂಸತ್ತು ಮಾಡಿದ ಕಾನೂನು ನಾಗಾಲ್ಯಾಂಡ್ ವಿಧಾನಸಭೆ ಒಪ್ಪದ ಹೊರತು ಅಲ್ಲಿ ಅನ್ವಯವಾಗದು. ರಾಜ್ಯದ ವ್ಯವಹಾರವನ್ನು 1972ರವರೆಗೆ ದೆಹಲಿಯಲ್ಲಿ ನೋಡಿಕೊಂಡದ್ದು ಗೃಹ ಸಚಿವಾಲಯವಲ್ಲ, ವಿದೇಶಾಂಗ ಸಚಿವಾಲಯ. ನನ್ನ ಅಭಿಪ್ರಾಯದಲ್ಲಿ ಎಲ್ಲ ಒಪ್ಪಂದಗಳಲ್ಲಿ ಹೆಚ್ಚು ಬಾಳಿದ್ದು ಇದೇ. ಇದು ಶಾಲೆ, ರಸ್ತೆ, ನೌಕರಿ, ಶಾಸಕರನ್ನು ಕೊಟ್ಟಿತು. ಭಾರತದ ವ್ಯವಸ್ಥೆಯೊಳಗೆ ತನ್ನ ಪಾಲು ಇರುವ ಒಂದು ನಾಗಾ ವರ್ಗವನ್ನು ಸೃಷ್ಟಿಸಿತು. ಆದರೆ ಕಾಡಿನಲ್ಲಿದ್ದವರು ಇದಕ್ಕೆ ಸಹಿ ಹಾಕಿರಲಿಲ್ಲ. ಕನ್ವೆನ್ಷನ್ನಿನ ಅಧ್ಯಕ್ಷ ಇಮ್ಕೊಂಗ್‌ಲಿಬಾ ಆವೋ 1961ರ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದರು. ರಾಜ್ಯ ಉದ್ಘಾಟನೆಯಾಗುವುದನ್ನು ಅವರು ನೋಡಲಿಲ್ಲ. ಅಕ್ಕಪಕ್ಕದ ನಾಗಾ ಪ್ರದೇಶಗಳನ್ನು ಹೊಸ ರಾಜ್ಯಕ್ಕೆ ಸೇರಿಸುವ ಆಸೆಯನ್ನು ಒಪ್ಪಂದದಲ್ಲಿ ದಾಖಲಿಸಲಾಯಿತಾದರೂ, ಅದಕ್ಕೆ ಸಂವಿಧಾನದಲ್ಲಿ ದಾರಿಯಿದೆ ಎಂದಷ್ಟೇ ಹೇಳಿ ಕೈಬಿಡಲಾಯಿತು. ಮಣಿಪುರದ ತಾಂಗ್‌ಖುಲ್, ಮಾವೋ ಜನರು ಹೊರಗೇ ಉಳಿದರು. ಮುಯಿವಾ ಅಂಥ ಒಂದು ತಾಂಗ್‌ಖುಲ್ ಹಳ್ಳಿಯವರು, ಉಖ್ರುಲ್ ಬಳಿಯ ಸೊಮ್ದಾಲ್‌ನವರು. ಮುಂದಿನ ಅರ್ಧ ಶತಮಾನದ ಹೋರಾಟಕ್ಕೆ ರಾಜ್ಯದ ಹೊರಗಿನಿಂದ ನಾಯಕತ್ವ ಬಂದದ್ದರ ಬೀಜ ಇಲ್ಲಿದೆ.

1964ರಲ್ಲಿ ಚರ್ಚಿನ ಮುಂದಾಳುಗಳ ಪ್ರಯತ್ನದಿಂದ ಶಾಂತಿ ನಿಯೋಗವೊಂದು ಬಂತು. ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿಮಲಾ ಪ್ರಸಾದ ಚಾಲಿಹಾ ಮತ್ತು ಬ್ರಿಟಿಷ್ ಪಾದ್ರಿ ಮೈಕೇಲ್ ಸ್ಕಾಟ್ ಅದರ ಸದಸ್ಯರು. ಸೆಪ್ಟೆಂಬರ್ 6ರಂದು ಕದನ ವಿರಾಮ ಜಾರಿಯಾಯಿತು, ಇಂದಿರಾ ಗಾಂಧಿಯವರೊಡನೆ ಆರು ಸುತ್ತು ಮಾತುಕತೆ ನಡೆಯಿತು. ನಾಗಾಗಳು ಸ್ವಇಚ್ಛೆಯಿಂದ ಭಾರತದ ಒಕ್ಕೂಟದಲ್ಲಿ ಪಾಲುದಾರರಾಗಲಿ ಎಂಬ ನಿಯೋಗದ ಸಲಹೆಯನ್ನು ಎರಡೂ ಕಡೆಯವರು ಪೂರ್ತಿಯಾಗಿ ಜೀರ್ಣಿಸಿಕೊಳ್ಳಲಿಲ್ಲ. ಕದನ ವಿರಾಮದ ನಡುವೆಯೇ, 1966ರಲ್ಲಿ, ಮುಯಿವಾ ಮತ್ತು ತಿನೋಸೆಲಿ ನೇತೃತ್ವದಲ್ಲಿ ಹೊರಟ ಒಂದು ತಂಡ ಬರ್ಮಾದ ಕಾಡುಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಚೀನಾದ ಯುನ್ನಾನ್ ತಲುಪಿತು. ಚೀನಾದಲ್ಲಿ ಆಗ ಸಾಂಸ್ಕೃತಿಕ ಕ್ರಾಂತಿಯ ಕಾಲ. ಬೈಬಲ್ಲನ್ನು ಜೋಳಿಗೆಯಲ್ಲಿಟ್ಟುಕೊಂಡು ಮಾವೋ ತ್ಸೆ ತುಂಗ್‌ನ ಸೈನಿಕರಿಂದ ಯುದ್ಧ ಕಲಿಯಹೊರಟ ಈ ಯುವಕರ ಚಿತ್ರವನ್ನು ಸುಮ್ಮನೆ ಕಲ್ಪಿಸಿಕೊಳ್ಳಿ. ಮುಂದೆ ‘ನಾಗಾಲ್ಯಾಂಡ್ ಫಾರ್ ಕ್ರೈಸ್ಟ್’ ಎಂಬ ಘೋಷಣೆಯೂ ಸಮಾಜವಾದವೂ ಒಂದೇ ಪ್ರಣಾಳಿಕೆಯಲ್ಲಿ ಸೇರಿಕೊಂಡದ್ದು ಹೊರಗಿನವರಿಗೆ ವಿಚಿತ್ರವೆನಿಸಬಹುದು. 1872ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಎಡ್ವರ್ಡ್ ಕ್ಲಾರ್ಕ್ ಆವೋ ಹಳ್ಳಿಗೆ ಬಂದ ಮೇಲೆ ಬೆಳೆದ ಸಮಾಜಕ್ಕೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಮೂರನೆಯದು 1975ರ ನವೆಂಬರ್ 11ರ ಶಿಲ್ಲಾಂಗ್ ಒಪ್ಪಂದ. ದೇಶದಲ್ಲಿ ತುರ್ತುಪರಿಸ್ಥಿತಿ, ನಾಗಾಲ್ಯಾಂಡಿನಲ್ಲಿ ರಾಷ್ಟ್ರಪತಿ ಆಡಳಿತ, ಪೂರ್ವ ಪಾಕಿಸ್ತಾನದಲ್ಲಿದ್ದ ಬಂಡುಕೋರರ ನೆಲೆಗಳು ಬಾಂಗ್ಲಾ ಯುದ್ಧದೊಡನೆ ಕೈತಪ್ಪಿದ್ದವು. ರಾಜ್ಯಪಾಲ ಎಲ್.ಪಿ. ಸಿಂಗ್ ಅವರೊಡನೆ ಭೂಗತ ಸಂಘಟನೆಗಳ ಪ್ರತಿನಿಧಿಗಳು, ಫಿಜೋ ಅವರ ತಮ್ಮ ಕೆವಿ ಯಾಲೆ ಸೇರಿದಂತೆ, ಸಹಿ ಹಾಕಿದರು. ಬಹಳ ಚಿಕ್ಕ ಒಪ್ಪಂದ: ಭಾರತದ ಸಂವಿಧಾನವನ್ನು ಸ್ವಂತ ನಿರ್ಧಾರದಿಂದ ಒಪ್ಪುವುದು, ಶಸ್ತ್ರಗಳನ್ನು ತಂದೊಪ್ಪಿಸುವುದು, ಉಳಿದ ವಿಷಯಗಳನ್ನು ಅಂತಿಮ ಇತ್ಯರ್ಥಕ್ಕಾಗಿ ರೂಪಿಸಿಕೊಳ್ಳಲು ಸಮಯ ಪಡೆಯುವುದು. ಲಂಡನ್ನಿನಲ್ಲಿ ದೇಶಭ್ರಷ್ಟರಾಗಿದ್ದ ಫಿಜೋ ಇದನ್ನು ಒಪ್ಪಿದೆ ಎನ್ನಲಿಲ್ಲ, ಖಂಡಿಸಲೂ ಇಲ್ಲ. 1990ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಮೌನವನ್ನು ಮುಯಿವಾ, ಸ್ವೂ ಕ್ಷಮಿಸಲಿಲ್ಲ. 1980ರ ಜನವರಿ 31ರಂದು ಬರ್ಮಾದ ನೆಲದಲ್ಲಿ, ಅಲ್ಲಿನ ನಾಗಾ ನಾಯಕ ಎಸ್.ಎಸ್. ಖಾಪ್ಲಾಂಗ್ ಅವರೊಡನೆ ಕೂಡಿ ಅವರು ಎನ್ಎಸ್‌ಸಿಎನ್ ಕಟ್ಟಿದರು. ಹಳೆಯ ಬಂಡಾಯವನ್ನು ಮುಗಿಸಲೆಂದು ಮಾಡಿದ ಒಪ್ಪಂದದಿಂದ ಅದಕ್ಕಿಂತ ಶಿಸ್ತಿನ, ಅದಕ್ಕಿಂತ ಕಠೋರವಾದ ಬಂಡಾಯ ಹುಟ್ಟಿತು.

ಎನ್ಎಸ್‌ಸಿಎನ್ ಎಂಟು ವರ್ಷ ಒಂದಾಗಿ ಉಳಿಯಿತು. 1988ರ ಏಪ್ರಿಲ್ 30ರಂದು ಖಾಪ್ಲಾಂಗ್ ಬಣ ಮುಯಿವಾ ಬಣದ ಶಿಬಿರದ ಮೇಲೆ ದಾಳಿ ಮಾಡಿ ಬಹಳ ಮಂದಿಯನ್ನು ಕೊಂದಿತು. ಮುಯಿವಾ ಬದುಕಿಕೊಂಡರು. ಅವರು ಗುಟ್ಟಾಗಿ ದೆಹಲಿಯೊಡನೆ ಮಾತಿಗಿಳಿದಿದ್ದಾರೆಂಬ ಅನುಮಾನ, ತಾಂಗ್‌ಖುಲ್‌ಗಳ ಮೇಲುಗೈ ಬಗ್ಗೆ ಅಸಮಾಧಾನ, ಬರ್ಮಾದ ನಾಗಾಗಳು ಭಾರತದ ನಾಗಾಗಳ ಯುದ್ಧಕ್ಕೆ ಅನ್ನ ಹಾಕುವವರಷ್ಟೇ ಆಗಿದ್ದೇವೆಂಬ ನೋವು, ಎಲ್ಲವೂ ಸೇರಿದ್ದವು. ಐಎಂ (ಐಸಾಕ್-ಮುಯಿವಾ) ಮತ್ತು ಕೆ (ಖಾಪ್ಲಾಂಗ್) ಎಂಬ ಎರಡು ಬಣಗಳಾದವು. ಆ ಮೇಲೆ ಅವೂ ಒಡೆಯುತ್ತಲೇ ಹೋದವು. ಕೆಲವು ಕಾಲ ನಾಗಾಗಳು ನಾಗಾಗಳಿಂದಲೇ ಹೆಚ್ಚು ಸತ್ತರು. ನಾಗಾ ಮದರ್ಸ್ ಅಸೋಸಿಯೇಷನ್ನಿನ ಮಹಿಳೆಯರು ಇನ್ನು ರಕ್ತ ಹರಿಸಬೇಡಿ ಎಂದು ಕಾಡಿನ ಶಿಬಿರಗಳವರೆಗೆ ನಡೆದುಹೋದದ್ದು ಈ ಹಿನ್ನೆಲೆಯಲ್ಲಿ. ತಮ್ಮ ಮಾತನ್ನು ಬಂದೂಕು ಹಿಡಿದವರು ಕೇಳುವಂತೆ ಮಾಡಿದ ಆ ತಾಯಂದಿರಿಗೆ ವಿಧಾನಸಭೆಯಲ್ಲಿ ಸ್ಥಾನ ಸಿಗಲಿಲ್ಲ ಎಂಬುದನ್ನೂ ಹೇಳಬೇಕು: ನಾಗಾಲ್ಯಾಂಡಿಗೆ ಮೊದಲ ಶಾಸಕಿಯರು ಆಯ್ಕೆಯಾದದ್ದು 2023ರಲ್ಲಿ, ರಾಜ್ಯವಾಗಿ ಅರವತ್ತು ವರ್ಷವಾಗುವ ಹೊತ್ತಿಗೆ.

1997ರ ಆಗಸ್ಟ್ 1ರಂದು ಐಎಂ ಬಣದೊಡನೆ ಆರಂಭವಾದ ಕದನ ವಿರಾಮ ಇಂದಿಗೂ ನಡೆಯುತ್ತಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಕದನ ವಿರಾಮವೆಂದರೆ ಅಲ್ಲಿ ಏನೆಂದು ತಿಳಿಯಬೇಕಾದರೆ ದಿಮಾಪುರಕ್ಕೆ ಹೋಗಬೇಕು. ಊರಿಗೆ ಸ್ವಲ್ಪ ದೂರದಲ್ಲಿ ಹೆಬ್ರೋನ್ ಎಂಬ ಶಿಬಿರವಿದೆ. ಅಲ್ಲಿ ‘ಕಿಲೋನ್ಸರ್’ ಎಂದು ಕರೆಯಿಸಿಕೊಳ್ಳುವ ಮಂತ್ರಿಗಳು, ‘ತಾತಾರ್ ಹೋಹೋ’ ಎಂಬ ಸಂಸತ್ತು, ಸೈನ್ಯ, ತೆರಿಗೆ ಇಲಾಖೆ ಎಲ್ಲ ಇವೆ. ಅಂಗಡಿಯವರು, ಗುತ್ತಿಗೆದಾರರು, ಲಾರಿಗಳು, ಸರ್ಕಾರಿ ನೌಕರರ ಸಂಬಳ, ಎಲ್ಲದಕ್ಕೂ ‘ಟ್ಯಾಕ್ಸ್’. ಬಣಗಳು ಎಷ್ಟಿವೆಯೋ ಅಷ್ಟು ರಸೀದಿ. 2013ರ ಅಕ್ಟೋಬರ್‌ನಲ್ಲಿ ದಿಮಾಪುರದ ಜನ ಸಾವಿರಗಟ್ಟಲೆ ಸೇರಿ, ಒಂದೇ ಸರ್ಕಾರ, ಒಂದೇ ತೆರಿಗೆ ಎಂದು ಬೀದಿಯಲ್ಲಿ ಕೂಗಿದರು. ನಾಗಾ ರಾಷ್ಟ್ರೀಯತೆಯನ್ನು ಅವರು ತಿರಸ್ಕರಿಸಲಿಲ್ಲ. ಅದರ ಹೆಸರಿನಲ್ಲಿ ಹಣ ಕೇಳುವವರು ಇಷ್ಟು ಮಂದಿ ಏಕೆ ಎಂದು ಕೇಳಿದರು.

ಮಾತುಕತೆಯ ಗಂಟು ಇರುವುದು ಭೂಪ್ರದೇಶದಲ್ಲಿ. ನಾಗಾಲ್ಯಾಂಡಿನ ವಿಸ್ತೀರ್ಣ 16,579 ಚದರ ಕಿಲೋಮೀಟರ್. ಎಲ್ಲ ನಾಗಾ ಪ್ರದೇಶಗಳನ್ನು ಸೇರಿಸಿ ಎನ್ಎಸ್‌ಸಿಎನ್ ಚಿತ್ರಿಸುವ ನಾಗಾಲಿಮ್ ಎಂಬ ನಾಡು ಅದಕ್ಕಿಂತ ಹಲವು ಪಟ್ಟು ದೊಡ್ಡದು, ಮ್ಯಾನ್ಮಾರನ್ನೂ ಮುಟ್ಟುತ್ತದೆ. 2001ರ ಜೂನ್‌ನಲ್ಲಿ ಕದನ ವಿರಾಮಕ್ಕೆ ಭೂಪ್ರದೇಶದ ಮಿತಿಯಿಲ್ಲವೆಂದು ಘೋಷಿಸಿದ ಕೂಡಲೇ, ತಮ್ಮ ರಾಜ್ಯ ಒಡೆಯುತ್ತದೆಂಬ ಭಯದಿಂದ ಇಂಫಾಲ ಕಣಿವೆ ಹೊತ್ತಿ ಉರಿಯಿತು. ವಿಧಾನಸಭೆಯ ಕಟ್ಟಡಕ್ಕೆ ಬೆಂಕಿ ಬಿತ್ತು, ಜೂನ್ 18ರಂದು ಗೋಲಿಬಾರಿನಲ್ಲಿ 18 ಜನ ಸತ್ತರು; ಕೇಂದ್ರ ತನ್ನ ಮಾತನ್ನು ಹಿಂತೆಗೆದುಕೊಂಡಿತು. 2010ರಲ್ಲಿ ಮುಯಿವಾ ತಮ್ಮ ಹುಟ್ಟೂರಿಗೆ ಹೊರಟಾಗ ಮಣಿಪುರ ಸರ್ಕಾರ ಮಾವೋ ಗೇಟಿನಲ್ಲಿ ತಡೆಯಿತು, ಅಲ್ಲಿಯೂ ಗುಂಡು ಹಾರಿ ಇಬ್ಬರು ಸತ್ತರು. ಇಂಫಾಲ ಕಣಿವೆಯ ಮೈತೇಯಿಗಳ ಮಟ್ಟಿಗೆ ಮಣಿಪುರದ ಗಡಿ ಒಂದು ಆಡಳಿತ ರೇಖೆಯಲ್ಲ, ಇತಿಹಾಸ. ಒಬ್ಬರ ಕನಸಿನ ನಕ್ಷೆ ಇನ್ನೊಬ್ಬರ ಮನೆಯ ಮೇಲೆ ಬಿದ್ದಿದೆ. ಇದರಲ್ಲಿ ದೆಹಲಿಯನ್ನಷ್ಟೇ ದೂರಿ ನಾವು ತಪ್ಪಿಸಿಕೊಳ್ಳುವಂತಿಲ್ಲ.

2015ರ ಆಗಸ್ಟ್ 3ರಂದು ಪ್ರಧಾನಿ ಮೋದಿಯವರ ಸಮ್ಮುಖದಲ್ಲಿ ಚೌಕಟ್ಟು ಒಪ್ಪಂದಕ್ಕೆ ಸಹಿ ಬಿತ್ತು. ಸಂಧಾನಕಾರ ಆರ್.ಎನ್. ರವಿ ಮತ್ತು ಮುಯಿವಾ ಇದ್ದರು. ಸ್ವೂ ಆಸ್ಪತ್ರೆಯಲ್ಲಿದ್ದರು, ಮರುವರ್ಷ ತೀರಿಕೊಂಡರು. ಐದು ವರ್ಷ ಆ ಒಪ್ಪಂದದಲ್ಲಿ ಏನಿದೆ ಎಂದು ಜನರಿಗೆ ತಿಳಿಯಲಿಲ್ಲ. 2020ರಲ್ಲಿ ಎನ್ಎಸ್‌ಸಿಎನ್ ತಾನೇ ಅದನ್ನು ಪ್ರಕಟಿಸಿದಾಗ ಕಂಡದ್ದು ಸಾರ್ವಭೌಮ ಅಧಿಕಾರವನ್ನು ಹಂಚಿಕೊಳ್ಳುವ, ಎರಡು ಘಟಕಗಳ ಶಾಂತಿಯುತ ಸಹಬಾಳ್ವೆಯ ಮಾತು. ಇದರಿಂದ ತಮ್ಮ ಪ್ರತ್ಯೇಕ ಧ್ವಜಕ್ಕೂ ‘ಯೆಹ್ಜಾಬೋ’ ಎಂಬ ತಮ್ಮ ಸಂವಿಧಾನಕ್ಕೂ ಮಾನ್ಯತೆ ಸಿಕ್ಕಿದೆ ಎಂದು ಐಎಂ ಹೇಳುತ್ತದೆ. ಹಾಗೇನಿಲ್ಲ ಎಂದು ಸರ್ಕಾರ ಹೇಳುತ್ತದೆ. ಹೈದರಿ ಒಪ್ಪಂದದ ಒಂಬತ್ತನೆಯ ಅಂಶ ನಿಮಗೆ ನೆನಪಾಗುತ್ತಿರಬೇಕು. ಇತ್ತ 2017ರ ನವೆಂಬರ್‌ನಲ್ಲಿ ಉಳಿದ ಬಣಗಳ ಕೂಟವಾದ ಎನ್ಎನ್‌ಪಿಜಿಗಳೊಡನೆ ಸರ್ಕಾರ ಇನ್ನೊಂದು ದಾಖಲೆಗೆ ಸಹಿ ಹಾಕಿತು. ಅವರು ನಾಗಾಲ್ಯಾಂಡ್ ರಾಜ್ಯದೊಳಗಿನ ಪರಿಹಾರಕ್ಕೆ ಹೆಚ್ಚು ಹತ್ತಿರದವರು, ಧ್ವಜದ ಮಾತು ಆಮೇಲೆ ಆಡಬಹುದೆನ್ನುವವರು. ಎರಡು ದಾಖಲೆಗಳು ಒಂದನ್ನೊಂದು ಪೂರೈಸುತ್ತವೆ ಎಂದು ದೆಹಲಿ ಭಾವಿಸಿದಂತಿದೆ. ವಾಸ್ತವದಲ್ಲಿ ಅವು ಒಂದನ್ನೊಂದು ಕಾಯುತ್ತ ನಿಂತಿವೆ.

ಈ ನಡುವೆ 2021ರ ಡಿಸೆಂಬರ್ 4ರಂದು ಮೋನ್ ಜಿಲ್ಲೆಯ ಓಟಿಂಗ್‌ನಲ್ಲಿ, ಗಣಿ ಕೆಲಸ ಮುಗಿಸಿ ಪಿಕಪ್ ವಾಹನದಲ್ಲಿ ಮನೆಗೆ ಮರಳುತ್ತಿದ್ದ ಆರು ಕಾರ್ಮಿಕರನ್ನು ಸೇನೆಯ ವಿಶೇಷ ಪಡೆ ಬಂಡುಕೋರರೆಂದು ತಿಳಿದು ಕೊಂದಿತು. ಅಂದು ರಾತ್ರಿ ಮತ್ತು ಮರುದಿನದ ಘರ್ಷಣೆಗಳೂ ಸೇರಿ 14 ನಾಗರಿಕರು ಸತ್ತರು. ರಾಜ್ಯ ಪೊಲೀಸರು ಸೈನಿಕರ ಮೇಲೆ ದೋಷಾರೋಪ ಪಟ್ಟಿ ಸಿದ್ಧಪಡಿಸಿದರು. ಮೊಕದ್ದಮೆ ನಡೆಸಲು ಆಫ್‌ಸ್ಪಾ ಅಡಿಯಲ್ಲಿ ಬೇಕಾದ ಅನುಮತಿಯನ್ನು ಕೇಂದ್ರ ಕೊಡಲಿಲ್ಲ. ಕದನ ವಿರಾಮದ ಕಾಲು ಶತಮಾನದ ನಂತರವೂ ಕಾನೂನು ಯುದ್ಧಕಾಲದ್ದೇ ಆಗಿದ್ದರೆ, ಶಾಂತಿ ಬಂದಿದೆ ಎಂದು ಕೊನ್ಯಾಕ್ ಹಳ್ಳಿಯವರನ್ನು ನಂಬಿಸುವುದು ಹೇಗೆ?

ಮೋನ್ ಇರುವ ಪೂರ್ವ ನಾಗಾಲ್ಯಾಂಡಿನ ಆರು ಜಿಲ್ಲೆಗಳು ಈಗ ಬೇರೆಯದೇ ಪ್ರಶ್ನೆ ಎತ್ತಿವೆ. ರಾಜ್ಯದೊಳಗೆ ತಾವು ಹಿಂದುಳಿದೆವೆಂದು, ‘ಫ್ರಾಂಟಿಯರ್ ನಾಗಾಲ್ಯಾಂಡ್’ ಎಂಬ ಪ್ರತ್ಯೇಕ ವ್ಯವಸ್ಥೆ ಬೇಕೆಂದು ಅಲ್ಲಿನ ಬುಡಕಟ್ಟುಗಳ ಒಕ್ಕೂಟ ಒತ್ತಾಯಿಸಿತು, 2024ರ ಲೋಕಸಭಾ ಚುನಾವಣೆಯಲ್ಲಿ ಆ ಜಿಲ್ಲೆಗಳ ಮತಗಟ್ಟೆಗಳು ಬಹುತೇಕ ಖಾಲಿ ಉಳಿದವು. 1952ರಲ್ಲಿ ನಾಗಾಗಳು ಮತಗಟ್ಟೆಗೆ ಹೋಗದಿದ್ದದ್ದು ಭಾರತ ಬೇಡವೆಂದು. ಇವರು ಹೋಗದಿದ್ದದ್ದು ಕೊಹಿಮಾದ ಕೈಯಿಂದ ಬಿಡಿಸಿ, ದೆಹಲಿ ತಮ್ಮೊಡನೆ ನೇರವಾಗಿ ವ್ಯವಹರಿಸಲಿ ಎಂದು. ಎಲ್ಲ ನಾಗಾಗಳನ್ನು ಒಂದೇ ಆಡಳಿತದಡಿ ತರಬೇಕೆನ್ನುವ ಸಂಘಟನೆ ದೆಹಲಿಯ ಮೇಜಿನ ಒಂದು ಬದಿಯಲ್ಲಿ ಕುಳಿತಿರುವಾಗ, ಇರುವ ರಾಜ್ಯದಿಂದಲೇ ದೂರ ಸರಿಯಬೇಕೆನ್ನುವ ನಾಗಾಗಳೂ ಅದೇ ಮೇಜಿಗೆ ಬಂದಿದ್ದಾರೆ. 2025ರ ಅಕ್ಟೋಬರ್‌ನಲ್ಲಿ, ತೊಂಬತ್ತರ ವಯಸ್ಸಿನ ಮುಯಿವಾ ಅರ್ಧ ಶತಮಾನದ ನಂತರ ಸೊಮ್ದಾಲ್‌ಗೆ ಹೋದರು. ಈ ಬಾರಿ ಯಾರೂ ತಡೆಯಲಿಲ್ಲ. ಅವರ ಸಹಿಗೆ ಇರುವಷ್ಟು ತೂಕ ಮುಂದಿನ ಯಾವ ನಾಯಕನ ಸಹಿಗೂ ಇರುವುದು ಅನುಮಾನ, ಸರ್ಕಾರಕ್ಕೂ ಇದು ಗೊತ್ತು. ಆದರೂ ಅಂತಿಮ ಒಪ್ಪಂದವನ್ನು ಮುಂದೂಡುತ್ತಲೇ ಇರುವುದನ್ನು ನೋಡಿದರೆ, ಆ ಪೀಳಿಗೆ ಮುಗಿಯಲಿ ಎಂದು ಕಾಯುತ್ತಿರುವರೇನೋ ಎಂಬ ಸಂಶಯ ಬಹಳ ನಾಗಾಗಳಿಗಿದೆ. ಫಿಜೋ ಮೌನವಾದ ಮೇಲೆ ಯಾರು ಎದ್ದು ಬಂದರೆಂಬುದನ್ನು ಬಲ್ಲವರು ಅಂಥ ಲೆಕ್ಕ ಹಾಕಲಾರರು.